ಹಾರ್ಟ್ ಮಾತ್ರೆ ನನಗ್ಯಾಕೆ ಡಾಕ್ಟ್ರೇ?

ಓದುಗರ ಪ್ರಶ್ನೆ, ಹೆರಿಗೆ ಡಾಕ್ಟರ್ ಉತ್ತರ

ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ ಬಸುರಿಯರ ಬಿಪಿ ಬಗ್ಗೆ ಬರೆಯುವಾಗ ಆಸ್ಪಿರಿನ್ ಅಂತ ಒಂದು ಪದ ಹಾಕಿದ್ದೆ. ಒಂದೇ ಪದ. ಅದಕ್ಕೆ ಬಂದ ಪತ್ರಗಳು ಈಗ ಮೇಜಿನ ಮೇಲೆ ಒಂದು ಕಟ್ಟಾಗಿ ಕೂತಿವೆ. ಬಹಳಷ್ಟರಲ್ಲಿ ಇರುವುದು ಒಂದೇ ಗೊಂದಲ. ಇದು ಬಿಪಿ ಮಾತ್ರೆಯಾ, ಕಿಡ್ನಿ ಮಾತ್ರೆಯಾ, ಹಾರ್ಟ್ ಮಾತ್ರೆಯಾ? ಅದಕ್ಕೇ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟಿದ್ದೇನೆ. ಮುಟ್ಟಿನ ಹೊಟ್ಟೆನೋವಿನ ಬಗ್ಗೆ ಬರೆದವರು ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ಸಲ ಖಂಡಿತ.

ಪ್ರಶ್ನೆ: ನನಗೆ 28 ವರ್ಷ. ಮೊದಲ ಬಸಿರಿನಲ್ಲಿ ಏಳೂವರೆ ತಿಂಗಳಿಗೆ ಬಿಪಿ 170/110 ಆಯಿತು. ಕಣ್ಣು ಮಂಜಾಯಿತು. ರಾತ್ರೋರಾತ್ರಿ ಆಪರೇಷನ್ ಮಾಡಿ ಮಗು ತೆಗೆದರು, ಒಂದೂಕಾಲು ಕೆಜಿ ಇದ್ದ. ತಿಂಗಳಾನುಗಟ್ಟಲೆ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಈಗ ಅವನಿಗೆ ಮೂರು ವರ್ಷ, ಮನೆ ತುಂಬ ಓಡಾಡುತ್ತಾನೆ. ನಾನು ಮತ್ತೆ ಬಸುರಿ, ಹದಿನಾಲ್ಕು ವಾರ. ಬಿಪಿ 118/76, ಏನೂ ತೊಂದರೆ ಇಲ್ಲ. ಆದರೂ ಡಾಕ್ಟರ್ ರಾತ್ರಿ ಒಂದು ಆಸ್ಪಿರಿನ್ 150 ಬರೆದುಕೊಟ್ಟರು. ಮೆಡಿಕಲ್ ಶಾಪಿನ ಹುಡುಗ 'ಇದು ಹಾರ್ಟ್ ಅಟ್ಯಾಕ್ ಆದವರು ತಗೊಳ್ಳೋದು, ರಕ್ತ ನೀರು ಮಾಡುತ್ತೆ' ಅಂದ. ಅತ್ತೆ ಹೆದರಿ ಸ್ಟ್ರಿಪ್ಪನ್ನೇ ಎತ್ತಿಟ್ಟಿದ್ದಾರೆ. ಬಿಪಿಯೇ ಇಲ್ಲದಿದ್ದಾಗ ಈ ಹಾರ್ಟ್ ಮಾತ್ರೆ ನನಗ್ಯಾಕೆ ಡಾಕ್ಟ್ರೇ? (ಹೆಸರು ಬೇಡ, ಹಾಸನ ಜಿಲ್ಲೆ)

ಉತ್ತರ: ಮೊದಲು ಅತ್ತೆಯವರ ಮೇಲೆ ಸಿಟ್ಟು ಬೇಡ. ಹೋದ ಸಲ ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತವರು ಅವರು. ಹೆದರಿಕೆ ಇದ್ದೇ ಇರುತ್ತದೆ. ಮೆಡಿಕಲ್ ಶಾಪಿನ ಹುಡುಗ ಹೇಳಿದ್ದೂ ಪೂರ್ತಿ ಸುಳ್ಳಲ್ಲ, ಹಾರ್ಟ್ ತೊಂದರೆ ಇರುವವರೂ ಇದೇ ಮಾತ್ರೆ ತೆಗೆದುಕೊಳ್ಳುತ್ತಾರೆ. ಆದರೆ ಅರ್ಧ ಗೊತ್ತಿರುವ ವಿಷಯವನ್ನು ಬಸುರಿಯ ಕಿವಿಗೆ ಹಾಕಿ ಕಳಿಸುವುದು ಇದೆಯಲ್ಲ, ಅದು ನನಗೆ ನಿಜಕ್ಕೂ ಸಿಟ್ಟು ಬರಿಸುತ್ತದೆ.

ಹೋದ ಸಲ ನಿಮಗೆ ಆಗಿದ್ದಕ್ಕೆ ಪ್ರೀಎಕ್ಲಾಂಪ್ಸಿಯಾ ಎನ್ನುತ್ತಾರೆ. ಹಳಬರು ನಂಜು ಅನ್ನುತ್ತಿದ್ದರು. ಇಪ್ಪತ್ತು ವಾರ ಕಳೆದ ಮೇಲೆ ಬಿಪಿ 140/90 ದಾಟುವುದು, ಮೂತ್ರದಲ್ಲಿ ಪ್ರೋಟೀನ್ ಹೋಗುವುದು, ಕೆಲವರಿಗೆ ಲಿವರ್, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ), ಕಣ್ಣು, ಮೆದುಳಿಗೂ ತಟ್ಟುವುದು. ಬಿಪಿ ಕಾಣಿಸುವುದು ಏಳನೇ ಎಂಟನೇ ತಿಂಗಳಲ್ಲಿ. ಆದರೆ ಅದರ ಬೀಜ ಬೀಳುವುದು ಮೂರು ನಾಲ್ಕನೇ ತಿಂಗಳಲ್ಲೇ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿ.

ಮಗು ಹುಟ್ಟಿದ ಮೇಲೆ ಬೀಳುವ ಮಾಸು ಗೊತ್ತಲ್ಲ, ಅದು ಗರ್ಭಕೋಶದ ಗೋಡೆಗೆ ಅಂಟಿಕೊಂಡು ಬೆಳೆಯುವಾಗ ಅಲ್ಲಿನ ರಕ್ತನಾಳಗಳನ್ನು ಅಗಲ ಮಾಡಿಕೊಳ್ಳುತ್ತದೆ. ನಿಮ್ಮ ಕಡೆ ಕಾಲುವೆ ನೀರಿನ ಕಥೆ ನಿಮಗೆ ಹೇಳಬೇಕಿಲ್ಲ. ಕಾಲುವೆ ಕಿರಿದಾಗಿದ್ದರೆ ಕೊನೆ ಭಾಗದ ಗದ್ದೆಗೆ ನೀರು ಹೋಗುವುದಿಲ್ಲ, ಅಲ್ಲಿನ ರೈತ ಬಂದು ಗಲಾಟೆ ಮಾಡುತ್ತಾನೆ. ಇಲ್ಲೂ ಅಷ್ಟೇ. ನಾಳ ಸರಿಯಾಗಿ ಅಗಲ ಆಗದಿದ್ದರೆ ಮಾಸಿಗೆ ರಕ್ತ ಸಾಲುವುದಿಲ್ಲ, ಮಗು ಸಣ್ಣದಾಗುತ್ತದೆ, ಹಸಿದ ಮಾಸು ಏನೇನೋ ವಸ್ತುಗಳನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ, ಅವು ತಾಯಿಯ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ, ಆಗ ಬಿಪಿ ಏರುತ್ತದೆ, ಕಿಡ್ನಿಯ ಜರಡಿ ಸೋರಿ ಪ್ರೋಟೀನ್ ಹೊರಗೆ ಹೋಗುತ್ತದೆ. ಈ ಕಾಲುವೆ ತೋಡುವ ಕೆಲಸ ಇಪ್ಪತ್ತು ವಾರದ ಹೊತ್ತಿಗೆ ಹೆಚ್ಚುಕಡಿಮೆ ಮುಗಿದಿರುತ್ತದೆ.

ಆಸ್ಪಿರಿನ್ ಇಲ್ಲೇನು ಮಾಡುತ್ತದೆ? ರಕ್ತದಲ್ಲಿರುವ ಪ್ಲೇಟ್‌ಲೆಟ್‌ಗಳು ಥ್ರಾಂಬಾಕ್ಸೇನ್ ಅನ್ನುವ ವಸ್ತು ಬಿಡುತ್ತವೆ. ಅದು ನಾಳವನ್ನು ಬಿಗಿ ಮಾಡುತ್ತದೆ, ಪ್ಲೇಟ್‌ಲೆಟ್‌ಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ನಾಳದ ಗೋಡೆಯಿಂದ ಪ್ರೋಸ್ಟಾಸೈಕ್ಲಿನ್ ಅನ್ನುವ ಇನ್ನೊಂದು ಬರುತ್ತದೆ, ಅದು ನಾಳವನ್ನು ಸಡಿಲ ಬಿಡುತ್ತದೆ. ಚಿಕ್ಕ ಡೋಸ್ ಆಸ್ಪಿರಿನ್ ಮೊದಲನೆಯದರ ಬಾಯಿ ಮುಚ್ಚಿಸುತ್ತದೆ, ಎರಡನೆಯದನ್ನು ಜಾಸ್ತಿ ಮುಟ್ಟುವುದಿಲ್ಲ. ಒಮ್ಮೆ ಆಸ್ಪಿರಿನ್ ತಾಗಿದ ಪ್ಲೇಟ್‌ಲೆಟ್ ಬದುಕಿರುವ ಏಳರಿಂದ ಹತ್ತು ದಿನವೂ ಹಾಗೇ ಇರುತ್ತದೆ. ಡೋಸ್ ದೊಡ್ಡದಾದರೆ ಎರಡೂ ನಿಂತುಹೋಗುತ್ತವೆ, ಆಗ ಲೆಕ್ಕ ತಪ್ಪುತ್ತದೆ. 'ಜಾಸ್ತಿ ತಗೊಂಡ್ರೆ ಜಾಸ್ತಿ ಗುಣ' ಇಲ್ಲಿ ನಡೆಯುವುದಿಲ್ಲ.

ಇದು ಯಾರೋ ಊಹಿಸಿ ಹೇಳಿದ್ದಲ್ಲ. 1994ರಲ್ಲಿ ಕ್ಲಾಸ್ಪ್ ಅನ್ನುವ ದೊಡ್ಡ ಅಧ್ಯಯನ ಬಂತು, ಒಂಬತ್ತು ಸಾವಿರಕ್ಕೂ ಜಾಸ್ತಿ ಹೆಂಗಸರು, ದಿನಕ್ಕೆ 60 ಮಿಲಿಗ್ರಾಂ. ಫಲ ಅಷ್ಟಕ್ಕಷ್ಟೇ. ಡಾಕ್ಟರುಗಳ ಉತ್ಸಾಹ ಜರ್ರನೆ ಇಳಿಯಿತು. ಆದರೆ ಅದರಲ್ಲಿ ಡೋಸ್ ಚಿಕ್ಕದು, 32 ವಾರ ಆದವರನ್ನೂ ಸೇರಿಸಿಕೊಂಡಿದ್ದರು, ಅಂದರೆ ಕಾಲುವೆ ಕೆಲಸ ಮುಗಿದ ಮೇಲೆ ಗುದ್ದಲಿ ಕೊಟ್ಟ ಹಾಗೆ. 2017ರಲ್ಲಿ ಆಸ್ಪ್ರೆ ಅಧ್ಯಯನದಲ್ಲಿ ಅಪಾಯ ಜಾಸ್ತಿ ಇದೆ ಎಂದು ಕಂಡ 1776 ಬಸುರಿಯರನ್ನು 11ರಿಂದ 14 ವಾರದಲ್ಲೇ ಆರಿಸಿ, ಅರ್ಧದಷ್ಟು ಜನಕ್ಕೆ ರಾತ್ರಿ 150 ಮಿಲಿಗ್ರಾಂ ಕೊಟ್ಟು, ಉಳಿದವರಿಗೆ ಸುಮ್ನೆ ಔಷಧವಿಲ್ಲದ ಮಾತ್ರೆ ಕೊಟ್ಟು ನೋಡಿದರು. 37 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾದಂಥ ಪ್ರೀಎಕ್ಲಾಂಪ್ಸಿಯಾ ಔಷಧವಿಲ್ಲದ ಮಾತ್ರೆ ತಿಂದವರಲ್ಲಿ ನೂರಕ್ಕೆ 4.3, ಆಸ್ಪಿರಿನ್ ತಿಂದವರಲ್ಲಿ 1.6. ತಿಂಗಳು ತುಂಬಿದ ಮೇಲೆ ಬರುವ ಬಿಪಿಯನ್ನು ಅದು ಹೆಚ್ಚೇನೂ ತಡೆಯಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೆ ನಿಮಗೆ ಹೋದ ಸಲ ಬಂದಿದ್ದು ಬೇಗ ಬರುವ, ಕೆಟ್ಟ ಜಾತಿಯದು. ಮಾತ್ರೆ ಚೆನ್ನಾಗಿ ಕೆಲಸ ಮಾಡುವುದೂ ಅದರ ಮೇಲೆಯೇ.

ನಮ್ಮ ಬೆಳಗಾವಿಯ ಹೆಸರೂ ಈ ಕಥೆಯಲ್ಲಿದೆ ಅಂದರೆ ಅತ್ತೆಯವರಿಗೆ ಧೈರ್ಯ ಬರಬಹುದು. ಭಾರತ, ಪಾಕಿಸ್ತಾನ, ಕೀನ್ಯಾ, ಜಾಂಬಿಯಾ, ಕಾಂಗೋ, ಗ್ವಾಟೆಮಾಲಾ ಆರು ದೇಶಗಳಲ್ಲಿ ಚೊಚ್ಚಲ ಬಸುರಿಯರಿಗೆ 81 ಮಿಲಿಗ್ರಾಂ ಕೊಟ್ಟು ನೋಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಸುಮಾರು ಹನ್ನೆರಡು ಸಾವಿರ ಹೆಂಗಸರು. ಭಾರತದ ಕೇಂದ್ರಗಳಲ್ಲಿ ಒಂದು ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜು, ಇನ್ನೊಂದು ನಾಗಪುರ. ದಿನ ತುಂಬುವ ಮೊದಲೇ ಆಗುವ ಹೆರಿಗೆ ನೂರಕ್ಕೆ 13.1ರಿಂದ 11.6ಕ್ಕೆ ಇಳಿಯಿತು. ಆ ಬಸುರಿಯರು ನಮ್ಮ ನಿಮ್ಮಂಥವರೇ, ರೊಟ್ಟಿ ತಟ್ಟುವವರು, ಹೊಲಕ್ಕೆ ಹೋಗುವವರು.

ಹದಿನಾಲ್ಕು ವಾರ ಅಂದಿರಿ. ಒಳ್ಳೆಯ ಸಮಯ. 12 ವಾರದ ಮೇಲೆ, 16 ತುಂಬುವ ಮೊದಲು ಶುರು ಮಾಡಿದರೆ ಉತ್ತಮ. ಅತ್ತೆಯವರಿಗೆ ಇದನ್ನು ಓದಿ ಹೇಳಿ, ಇಲ್ಲವೇ ನಾಳೆ ಅವರನ್ನೇ ಕರೆದುಕೊಂಡು ಡಾಕ್ಟರ ಹತ್ತಿರ ಹೋಗಿ. ರಾತ್ರಿ ಊಟ ಆದ ಮೇಲೆ ತೆಗೆದುಕೊಳ್ಳಿ. ಹೊಟ್ಟೆಯಲ್ಲಿ ಉರಿ ಆಗಬಾರದೆಂದು ಆ ಮಾತ್ರೆಗೆ ಮೇಲೊಂದು ಪದರ ಇರುತ್ತದೆ, ಅಗಿಯಬೇಡಿ, ಪುಡಿ ಮಾಡಬೇಡಿ. ವಾರದಲ್ಲಿ ಮೂರು ದಿನ ತಿಂದು ನಾಲ್ಕು ದಿನ ಮರೆತರೆ ಪ್ರಯೋಜನ ಇಲ್ಲ. ನಾನಂತೂ ಹಲ್ಲುಜ್ಜುವ ಬ್ರಷ್ ಪಕ್ಕದಲ್ಲೇ ಇಟ್ಟುಕೊಳ್ಳಿ ಅನ್ನುತ್ತೇನೆ. ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗುವ ಭಯ ನಿಮ್ಮಿಬ್ಬರಿಗೂ ಇರಬಹುದು. ಈ ಡೋಸಿನಲ್ಲಿ ಆ ಅಪಾಯ ಹೆಚ್ಚಿದರೂ ಅಲ್ಪ. ಕೆಲವು ಡಾಕ್ಟರುಗಳು 36 ವಾರಕ್ಕೆ ನಿಲ್ಲಿಸುತ್ತಾರೆ, ಕೆಲವರು ಹೆರಿಗೆಯವರೆಗೂ ಕೊಡುತ್ತಾರೆ. ಬೆನ್ನಿಗೆ ಇಂಜೆಕ್ಷನ್ ಕೊಡಲು ಈ ಮಾತ್ರೆ ಅಡ್ಡಿ ಅಲ್ಲ.

ಇನ್ನೊಂದು ಮಾತು. ಮಾತ್ರೆ ತಿಂದರೂ ಬಿಪಿ ಬರಬಹುದು. ಬಂದರೆ 'ಮಾತ್ರೆ ತಿಂದಿದ್ದಕ್ಕೇ ಬಂತು' ಅಂತ ಮನೆಯಲ್ಲಿ ಮಾತು ಬರುತ್ತದೆ, ನೋಡಿ. ಅದನ್ನು ನಂಬಬೇಡಿ.

ಪ್ರಶ್ನೆ: ನನಗೆ 29. ನಾಲ್ಕು ವರ್ಷದಿಂದ ಲೂಪಸ್ ಇದೆ, ಎರಡು ವರ್ಷದ ಹಿಂದೆ ಕಿಡ್ನಿ ಬಯಾಪ್ಸಿ ಮಾಡಿ ಲೂಪಸ್ ನೆಫ್ರೈಟಿಸ್ ಅಂದರು. ಈಗ ಮೈಕೋಫಿನೊಲೇಟ್, ಹೈಡ್ರಾಕ್ಸಿಕ್ಲೋರೋಕ್ವಿನ್, ಪ್ರೆಡ್ನಿಸೊಲೋನ್ 5, ಟೆಲ್ಮಿಸಾರ್ಟನ್ ತಗೊಳ್ತೀನಿ. ಕ್ರಿಯಾಟಿನಿನ್ 0.9, ರಿಪೋರ್ಟಲ್ಲಿ ನಾರ್ಮಲ್ ಅಂತಲೇ ಇದೆ. ಮಗು ಬೇಕು. ಆಸ್ಪಿರಿನ್ ತಗೊಂಡರೆ ಬಸಿರಲ್ಲಿ ಕಿಡ್ನಿ ಉರಿಯೂತ ಬರಲ್ಲ ಅಂತ ಎಲ್ಲೋ ಓದಿದೆ. ಈಗಿಂದಲೇ ಶುರು ಮಾಡಲಾ? ಆದರೆ ನಮ್ಮ ಚಿಕ್ಕಪ್ಪ 'ನೋವಿನ ಮಾತ್ರೆ ಕಿಡ್ನಿ ತಿನ್ನುತ್ತೆ, ಆಸ್ಪಿರಿನ್ನೂ ನೋವಿನ ಮಾತ್ರೆನೇ' ಅಂತಾರೆ. (ಓದುಗಿ, ದಾವಣಗೆರೆ)

ಉತ್ತರ: ಮಗು ಬೇಕು ಅನ್ನುವುದನ್ನು ಮೊದಲೇ ಕೇಳಿದ್ದೀರಲ್ಲ, ಅದಕ್ಕೆ ನಿಮಗೆ ಅರ್ಧ ಮಾರ್ಕ್ಸ್ ಈಗಲೇ. ನನ್ನ ಹತ್ತಿರ ಬರುವವರಲ್ಲಿ ಬಹಳಷ್ಟು ಜನ ಎರಡು ಗೆರೆ ಬಂದ ಮೇಲೆಯೇ ಬರುವುದು.

ಬೇರೆ ಓದುಗರಿಗಾಗಿ ಒಂದು ಮಾತು. ಲೂಪಸ್ ಅಂದರೆ ಮೈಯ ರೋಗನಿರೋಧಕ ಶಕ್ತಿ ನಮ್ಮದೇ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ, ಅದು ಕಿಡ್ನಿಗೆ ತಟ್ಟಿ ಉರಿಯೂತ ಆದರೆ ಲೂಪಸ್ ನೆಫ್ರೈಟಿಸ್. ಆಸ್ಪಿರಿನ್ ವಿಷಯ ಆಮೇಲೆ. ನಿಮ್ಮ ಪಟ್ಟಿಯಲ್ಲಿ ನನಗೆ ಗಾಬರಿ ಹುಟ್ಟಿಸಿದ್ದು ಆ ಶಕ್ತಿಯನ್ನು ತಗ್ಗಿಸುವ ಮಾತ್ರೆ ಮೈಕೋಫಿನೊಲೇಟ್. ಅದು ಮೈಯಲ್ಲಿರುವಾಗ ಗರ್ಭ ನಿಲ್ಲಬಾರದು. ಗರ್ಭಪಾತ ಆಗಬಹುದು, ಮಗುವಿನ ಕಿವಿ, ತುಟಿ, ಅಂಗುಳಿನ ರಚನೆ ಕೆಡಬಹುದು. ಗರ್ಭಕ್ಕೆ ಕನಿಷ್ಠ ಆರು ವಾರ ಮೊದಲು ನಿಲ್ಲಿಸಿ ಅಜಾಥಯೋಪ್ರಿನ್‌ನಂಥದ್ದಕ್ಕೆ ಬದಲಿಸುತ್ತಾರೆ. ಬದಲಿಸಿದ ಮೇಲೂ ರೋಗ ಸುಮ್ಮನೆ ಮಲಗಿದೆಯಾ ಅಂತ ಕಾದು ನೋಡಬೇಕು. ಹಾಗಂತ ನೀವೇ ಇವತ್ತು ನಿಲ್ಲಿಸಿಬಿಡಬೇಡಿ! ನಿಲ್ಲಿಸಿದರೆ ಕಿಡ್ನಿಯ ಉರಿಯೂತ ಎದ್ದು ಕೂರಬಹುದು. ಕಿಡ್ನಿ ಡಾಕ್ಟರಿಗೆ 'ನಮಗೆ ಮಗು ಬೇಕು' ಅಂತ ಬಾಯಿಬಿಟ್ಟು ಹೇಳಿ, ಬದಲಾವಣೆ ಅವರು ಮಾಡಲಿ. ಅಲ್ಲಿಯವರೆಗೆ ಗರ್ಭ ನಿಲ್ಲದ ಹಾಗೆ ನೋಡಿಕೊಳ್ಳಬೇಕು. ಲೂಪಸ್ ಇರುವವರಿಗೆ ಗರ್ಭ ತಡೆಯುವ ಎಲ್ಲಾ ಗುಳಿಗೆಗಳೂ ಆಗಿಬರುವುದಿಲ್ಲ, ಅದನ್ನೂ ಅವರನ್ನೇ ಕೇಳಿ.

ಟೆಲ್ಮಿಸಾರ್ಟನ್ ಎರಡನೆಯದು. ಪ್ರೋಟೀನ್ ಸೋರುವುದನ್ನು ತಡೆಯಲು ಅದು ಒಳ್ಳೆಯ ಬಿಪಿ ಮಾತ್ರೆ. ಆದರೆ ಬಸಿರಿನಲ್ಲಿ ಅದೂ, ರಾಮಿಪ್ರಿಲ್, ಎನಾಲಪ್ರಿಲ್, ಲೋಸಾರ್ಟನ್ ಕೂಡ, ಮಗುವಿನ ಕಿಡ್ನಿಯನ್ನು ಕೆಡಿಸುತ್ತವೆ, ಗರ್ಭದ ನೀರು ಕಡಿಮೆಯಾಗುತ್ತದೆ. ಬಸಿರಿನಲ್ಲಿ ಬಿಪಿಗೆ ಕೊಡುವುದು ಲ್ಯಾಬೆಟಲಾಲ್, ನಿಫೆಡಿಪಿನ್, ಮೀಥೈಲ್‌ಡೋಪಾ. ಲೂಪಸ್ಸನ್ನು ಹತೋಟಿಯಲ್ಲಿಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರ ಬಿಡಬಾರದು. ಬಸುರಿ ಆದ ಕೂಡಲೇ ಮನೆಯವರು 'ಮಾತ್ರೆಗಳೆಲ್ಲ ಬೇಡಮ್ಮ' ಅಂತ ಬಿಡಿಸುವುದು ಇದನ್ನೇ, ರೋಗ ಕೆರಳುವುದೂ ಆಗಲೇ. ಕಡಿಮೆ ಡೋಸಿನ ಪ್ರೆಡ್ನಿಸೊಲೋನ್ ನಡೆಯುತ್ತದೆ.

ಕ್ರಿಯಾಟಿನಿನ್ ಅಂದರೆ ಕಿಡ್ನಿ ಸೋಸಿ ಹೊರಹಾಕುವ ಕಸ, ರಕ್ತದಲ್ಲಿ ಅದು ಏರಿದರೆ ಕಿಡ್ನಿ ಸೋತಿದೆ ಅಂತ. ನಿಮಗೆ 0.9 ಅಂದಿರಿ. ಈಗ ಸರಿ. ಆದರೆ ಬಸಿರಿನಲ್ಲಿ ಕಿಡ್ನಿಗೆ ಹರಿಯುವ ರಕ್ತ ಜಾಸ್ತಿಯಾಗಿ ಕ್ರಿಯಾಟಿನಿನ್ 0.5ರ ಆಸುಪಾಸಿಗೆ ಇಳಿಯಬೇಕು. ಲ್ಯಾಬ್ ರಿಪೋರ್ಟಿನ ಪಕ್ಕದಲ್ಲಿ ಅಚ್ಚಾಗಿರುವ ನಾರ್ಮಲ್ ಬಸುರಿಯರ ನಾರ್ಮಲ್ ಅಲ್ಲ. ಐದನೇ ತಿಂಗಳಲ್ಲೂ ನಿಮಗೆ 0.9 ಬಂದರೆ, ಪಕ್ಕದಲ್ಲಿ ಸ್ಟಾರ್ ಗುರುತು ಇಲ್ಲದಿದ್ದರೂ, ಡಾಕ್ಟರನ್ನು ಕೇಳಲೇಬೇಕು. ಇದನ್ನು ಒಂದು ಚೀಟಿಯಲ್ಲಿ ಬರೆದು ಫೈಲಿಗೆ ಅಂಟಿಸಿಕೊಳ್ಳಿ.

ರೋಗ ಕನಿಷ್ಠ ಆರು ತಿಂಗಳು ತಣ್ಣಗಿದ್ದ ಮೇಲೆ ಗರ್ಭ ನಿಂತರೆ ತಾಯಿಗೂ ಮಗುವಿಗೂ ಒಳ್ಳೆಯದು. ಆ ಹೊತ್ತಿಗೆ ಎರಡು ರಕ್ತಪರೀಕ್ಷೆ ಮಾಡಿಸಿರಬೇಕು. ಒಂದು ಆಂಟಿಫಾಸ್ಫೋಲಿಪಿಡ್, ಅದು ಇದ್ದರೆ ರಕ್ತ ಹೆಪ್ಪುಗಟ್ಟುವ ಸ್ವಭಾವ, ಆಗ ಆಸ್ಪಿರಿನ್ ಜೊತೆಗೆ ಹೆಪಾರಿನ್ ಇಂಜೆಕ್ಷನ್ನೂ ಬೇಕಾಗಬಹುದು. ಇನ್ನೊಂದು ಆಂಟಿ-ರೋ, ಅದು ಇದ್ದರೆ ಮಗುವಿನ ಎದೆಬಡಿತವನ್ನು ಸ್ಕ್ಯಾನಿನಲ್ಲಿ ವಿಶೇಷವಾಗಿ ನೋಡುತ್ತಿರಬೇಕು.

ಈಗ ಆಸ್ಪಿರಿನ್. ನೀವು ಓದಿದ್ದು ತಿರುಚಿಕೊಂಡಿದೆ. ಕಿಡ್ನಿಯ ಉರಿಯೂತವನ್ನು ಅದು ತಡೆಯುವುದಿಲ್ಲ, ವಾಸಿಯೂ ಮಾಡುವುದಿಲ್ಲ. ಉರಿಯೂತಕ್ಕೆ ನಿಮ್ಮ ಉಳಿದ ಮಾತ್ರೆಗಳಿವೆ. ಆದರೆ ಕಿಡ್ನಿ ಕಾಯಿಲೆ ಇದ್ದವರಿಗೆ, ಅದು ಲೂಪಸ್ಸಿಂದ ಬಂದಿರಲಿ, ಐಜಿಎ ನೆಫ್ರೋಪತಿ ಅನ್ನುವ ಇನ್ನೊಂದು ಕಿಡ್ನಿ ಕಾಯಿಲೆ ಇರಲಿ, ಪ್ರೀಎಕ್ಲಾಂಪ್ಸಿಯಾ ಬರುವ ಸಂಭವ ಬೇರೆಯವರಿಗಿಂತ ಬಹಳ ಜಾಸ್ತಿ. ಆಸ್ಪಿರಿನ್ ಅದಕ್ಕೆ. ಇದು ಒಂದೇ ಕಾರಣ ಸಾಕು, ಮೊದಲ ಬಸಿರೇ ಆದರೂ, ಬಿಪಿ ಇಲ್ಲದಿದ್ದರೂ, ಹನ್ನೆರಡು ವಾರಕ್ಕೆ ಶುರು ಮಾಡುತ್ತಾರೆ. ಈಗಲೇ ಬೇಡ, ಆಂಟಿಫಾಸ್ಫೋಲಿಪಿಡ್ ಬಂದರೆ ಲೆಕ್ಕ ಬೇರೆ.

ಚಿಕ್ಕಪ್ಪನವರು ಹೇಳಿದ್ದು ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗೆ ನೂರಕ್ಕೆ ನೂರು ಸರಿ. ಸೊಂಟನೋವು ಅಂತ ಅಂಗಡಿಯಿಂದ ತಂದು ನುಂಗುವ ಆ ಮಾತ್ರೆಗಳು ನಿಮಗೆ ಯಾವತ್ತೂ ಬೇಡ, ಬಸಿರಿನಲ್ಲಂತೂ ಬೇಡವೇ ಬೇಡ. ಜ್ವರ, ನೋವಿಗೆ ಪ್ಯಾರಾಸಿಟಮಾಲ್. ಆದರೆ 75, 150ರ ಆಸ್ಪಿರಿನ್ ನೋವಿಗೆ ಸಾಲುವ ಡೋಸೇ ಅಲ್ಲ. ಅದರ ಕೆಲಸ ಮುಖ್ಯವಾಗಿ ಪ್ಲೇಟ್‌ಲೆಟ್ ಮೇಲೆ. ಕಿಡ್ನಿ ಡಾಕ್ಟರುಗಳೇ ಅದನ್ನು ಬರೆಯುತ್ತಾರೆ ಅಲ್ವಾ.

ನಿಮ್ಮಂಥವರಲ್ಲಿ ನಮಗೆ ನಿಜವಾಗಿ ತಲೆ ತಿನ್ನುವ ಪ್ರಶ್ನೆ ಏಳನೇ ತಿಂಗಳಲ್ಲಿ ಬರುತ್ತದೆ. ಬಿಪಿ ಏರಿದೆ, ಪ್ರೋಟೀನ್ ಜಾಸ್ತಿಯಾಗಿದೆ. ಇದು ಲೂಪಸ್ ಕೆರಳಿದ್ದಾ, ಪ್ರೀಎಕ್ಲಾಂಪ್ಸಿಯಾನಾ? ಎರಡೂ ಅಕ್ಕತಂಗಿಯರ ಹಾಗೆ ಕಾಣುತ್ತವೆ, ಚಿಕಿತ್ಸೆ ಮಾತ್ರ ಪೂರ್ತಿ ಬೇರೆ. ಮೊದಲನೆಯದಕ್ಕೆ ಔಷಧ ಏರಿಸಬೇಕು, ಎರಡನೆಯದಕ್ಕೆ ಕೊನೆಗೆ ಇರುವುದು ಹೆರಿಗೆಯೊಂದೇ. ರಕ್ತದಲ್ಲಿ ಸಿ3, ಸಿ4 ಅನ್ನುವ ರೋಗನಿರೋಧಕ ಪ್ರೋಟೀನ್‌ಗಳು ಇಳಿದು, ಮೂತ್ರದಲ್ಲಿ ಕೆಂಪು ಕಣ ಕಂಡರೆ ಲೂಪಸ್ ಕಡೆ ಅನುಮಾನ. ಯೂರಿಕ್ ಆಸಿಡ್, ಲಿವರ್ ಪರೀಕ್ಷೆ ಏರಿದರೆ ಇನ್ನೊಂದರ ಕಡೆ. ಇದನ್ನು ಬಿಡಿಸಲು ನಮಗೆ ಬೇಕಾಗುವುದು ಹಳೆಯ ಲೆಕ್ಕ. ಅದಕ್ಕೇ ಮೂರನೇ ತಿಂಗಳೊಳಗೆ ಮೂತ್ರದ ಪ್ರೋಟೀನ್-ಕ್ರಿಯಾಟಿನಿನ್ ಅನುಪಾತ, ಸಿ3, ಸಿ4, ಪ್ಲೇಟ್‌ಲೆಟ್, ಲಿವರ್ ಎಲ್ಲ ಒಮ್ಮೆ ಮಾಡಿಸಿ ಇಟ್ಟುಕೊಳ್ಳಿ. ಆ ರಿಪೋರ್ಟನ್ನು ತವರಿಗೆ ಹೋಗುವಾಗ ಸೀರೆ ಜೊತೆಗೆ ಅಲ್ಲ, ಸೀರೆಗಿಂತ ಮೊದಲು ಬ್ಯಾಗಿಗೆ ಹಾಕಿ. ಇಪ್ಪತ್ತನಾಲ್ಕು ಗಂಟೆಯ ಮೂತ್ರ ಕೇಳಿದರೆ ಬೆಳಗಿನ ಮೊದಲನೆಯದನ್ನು ಚೆಲ್ಲಿ, ಆಮೇಲಿಂದ ಮಾರನೇ ಬೆಳಗಿನ ಮೊದಲನೆಯದರವರೆಗೆ ಒಂದು ಹನಿ ಬಿಡದೆ ಹಿಡಿಯಬೇಕು. ಮಧ್ಯದಲ್ಲಿ ಒಂದು ಸಲ ಬಿಟ್ಟರೂ ಲೆಕ್ಕ ಸುಳ್ಳು.

ಪ್ರಶ್ನೆ: ನಾನು ಕುವೈತಿನಲ್ಲಿದ್ದೇನೆ. ಹೆಂಡತಿ ಉಡುಪಿ ಕಡೆ, ಆರು ತಿಂಗಳು. ಎರಡು ದಿನದಿಂದ ಚಳಿಜ್ವರ, ಬಲಗಡೆ ಸೊಂಟದ ಮೇಲೆ ನೋವು, ಮೂತ್ರ ಉರಿ. ಕಿಡ್ನಿ ಇನ್ಫೆಕ್ಷನ್ ಇರಬಹುದು ಅಂದರಂತೆ. ಪಕ್ಕದ ಮನೆಯವರು ಬಸುರಿಯರ ಕಿಡ್ನಿಗೆ ಆಸ್ಪಿರಿನ್ ಒಳ್ಳೆಯದು ಅಂತ ಕೊಟ್ಟಿದ್ದಾರೆ.

ಉತ್ತರ: ನಿಮ್ಮ ಇಮೇಲ್ ಬಂದ ದಿನವೇ ಉತ್ತರ ಕಳಿಸಿದ್ದೆ, ಅವರು ಆಸ್ಪತ್ರೆಗೆ ಸೇರಿ ಗುಣವಾಗಿ ಮನೆಗೆ ಬಂದರು ಅಂತ ಬರೆದಿದ್ದೀರಿ, ಸಂತೋಷ. ಬೇರೆಯವರಿಗಾಗಿ ಇಲ್ಲಿ ಹಾಕುತ್ತಿದ್ದೇನೆ. ಇದು ಬ್ಯಾಕ್ಟೀರಿಯಾದಿಂದ ಬರುವ ಸೋಂಕು. ಮೇಲೆ ಹೇಳಿದ ನೆಫ್ರೈಟಿಸ್ ಬೇರೆ, ಇದು ಬೇರೆ, ಎರಡನ್ನೂ ಕನ್ನಡದಲ್ಲಿ ಕಿಡ್ನಿ ಉರಿಯೂತ ಅಂದುಬಿಡುತ್ತೇವೆ, ಅಲ್ಲೇ ಎಡವಟ್ಟು. ಸೋಂಕಿಗೆ ಬೇಕಾಗಿದ್ದು ಆಂಟಿಬಯಾಟಿಕ್, ಬಸುರಿಯಾದರೆ ಸಾಮಾನ್ಯವಾಗಿ ಆಸ್ಪತ್ರೆಗೆ ಸೇರಿಸಿ ನರದ ಮೂಲಕವೇ. ತಡ ಮಾಡಿದರೆ ದಿನ ತುಂಬುವ ಮೊದಲೇ ನೋವು ಶುರುವಾಗಬಹುದು, ಸೋಂಕು ರಕ್ತಕ್ಕೆ ಏರಬಹುದು. ಆಸ್ಪಿರಿನ್ ಇಲ್ಲಿ ಏನೂ ಮಾಡುವುದಿಲ್ಲ.

ಪ್ರಶ್ನೆ: ಮಗಳಿಗೆ ಈಗ ಎಂಟು ತಿಂಗಳು, ಹೆರಿಗೆಗೆ ಗದಗಕ್ಕೆ ಕರೆದುಕೊಂಡು ಬಂದಿದ್ದೀವಿ. ಬಿಪಿ 150/100 ಐತಿ ಅಂದ್ರು. ಬಿಪಿ ಗುಳಿಗೆ ಕೊಟ್ಟಾರ. ದಿನಾ ಗುಳಿಗಿ ನುಂಗಿದ್ರ ಕೂಸಿಗೆ ತ್ರಾಸ ಆಗ್ತದ ಅಂತ ಆಕಿಗೆ ಅಂಜಿಕಿ. ಅದರ ಬದಲಿ ಆಸ್ಪಿರಿನ್ ಕೊಡಬಹುದೇನ್ರಿ? ಉಪ್ಪು ಪೂರ್ತಿ ಬಿಡಿಸೀವಿ, ಎದ್ದು ಓಡಾಡಾಕೂ ಬಿಡಂಗಿಲ್ಲ.

ಉತ್ತರ: ಬೇಡ್ರಿ ಅಮ್ಮಾ, ಬೇಡ. ಆಸ್ಪಿರಿನ್ ಬಿಪಿಯನ್ನು ಇಳಿಸುವುದಿಲ್ಲ. ಒಂದು ಪಾಯಿಂಟೂ ಇಳಿಸುವುದಿಲ್ಲ. ಎಂಟನೇ ತಿಂಗಳಲ್ಲಿ ಹೊಸದಾಗಿ ಶುರು ಮಾಡಿ ಉಪಯೋಗವೂ ಇಲ್ಲ. ಆ ಬಿಪಿ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಡಿ. ಲ್ಯಾಬೆಟಲಾಲ್, ನಿಫೆಡಿಪಿನ್‌ಗಳನ್ನು ಬಸುರಿಯರಿಗೆ ವರ್ಷಗಳಿಂದ ಕೊಡುತ್ತಿದ್ದೇವೆ. ಕೂಸಿಗೆ ತೊಂದರೆ ಮಾಡುವುದು ಮಾತ್ರೆಯಲ್ಲ, ಏರಿದ ಬಿಪಿ.

ಉಪ್ಪು ಪೂರ್ತಿ ಬಿಡಿಸಬೇಡಿ. ಉಪ್ಪಿಲ್ಲದ ಊಟ ಅಂತ ಮಗಳು ಊಟವನ್ನೇ ಕಡಿಮೆ ಮಾಡಿರುತ್ತಾಳೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಅಂಗಡಿ ಖಾರ ಬಿಟ್ಟರೆ ಸಾಕು. ಹಾಸಿಗೆಗೆ ಕಟ್ಟಿಹಾಕುವುದರಿಂದಲೂ ಬಿಪಿ ನಿಲ್ಲುವುದಿಲ್ಲ. ಮನೆಯೊಳಗೆ ಓಡಾಡಲಿ, ಬಿಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕ್ಯಾಲ್ಸಿಯಂ ಮಾತ್ರೆ ದಿನಕ್ಕೆ ಎರಡು, ಅದನ್ನು ಕೆಂಪು ಕಬ್ಬಿಣದ ಮಾತ್ರೆ ಜೊತೆಗೆ ಒಟ್ಟಿಗೆ ನುಂಗಬಾರದು, ಒಂದೆರಡು ಗಂಟೆ ಬಿಟ್ಟು. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವವರಿಗೆ ಇದು ಬಿಪಿ ಬರುವ ಸಂಭವವನ್ನೂ ತಗ್ಗಿಸುತ್ತದೆ. ನಿಮ್ಮ ಕಡೆ ಜೋಳ ಜಾಸ್ತಿ, ರಾಗಿ ಕಡಿಮೆ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಮುದ್ದೆ ಆಗದಿದ್ದರೆ ಅಂಬಲಿ ಮಾಡಿಕೊಡಿ.

ಈಗ ಮುಖ್ಯ ಮಾತು. ಬಿಪಿ 160/110 ಬಂದರೆ, ಅಥವಾ ಬಿಪಿ ಎಷ್ಟೇ ಇರಲಿ ಸಿಡಿಯುವ ತಲೆನೋವು, ಕಣ್ಣಮುಂದೆ ಮಿಂಚು ಅಥವಾ ಮಂಜು, ಎದೆಗೂಡಿನ ಕೆಳಗೆ ಬಲಗಡೆ ನೋವು, ಉಸಿರುಕಟ್ಟು, ಒಮ್ಮೆಲೇ ಮುಖ ಕೈ ಊದುವುದು, ಮೂತ್ರ ಕಡಿಮೆಯಾಗುವುದು, ಕೂಸಿನ ಒದೆತ ಕಡಿಮೆ, ಇವುಗಳಲ್ಲಿ ಯಾವುದೇ ಒಂದು ಬಂದರೂ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಫಿಟ್ಸ್ ಬಂದರೆ ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ, ಕೈಗೆ ಕಬ್ಬಿಣ ಹಿಡಿಸುತ್ತಾ ಕೂರಬೇಡಿ. ಆಸ್ಪತ್ರೆಯಲ್ಲಿ ಮ್ಯಾಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಕೊಡುತ್ತಾರೆ, ಅದು ಫಿಟ್ಸ್ ಬರುವ ಸಂಭವವನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತದೆ.

ಮನೆಯಲ್ಲಿ ಬಿಪಿ ನೋಡುವುದಾದರೆ ಐದು ನಿಮಿಷ ಸುಮ್ಮನೆ ಕೂರಿಸಿ, ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ. ಮೆಟ್ಟಿಲು ಹತ್ತಿ ಬಂದ ಕೂಡಲೇ ಪಟ್ಟಿ ಸುತ್ತಿದರೆ ಯಾರಿಗಾದರೂ ಜಾಸ್ತಿ ಬರುತ್ತದೆ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೂ ಸುಳ್ಳು ಲೆಕ್ಕ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದೇನೆ, ಅವಳಿ ಮಕ್ಕಳು. ಇಲ್ಲಿ ಆಸ್ಪಿರಿನ್ 81 ಕೊಟ್ಟಿದ್ದಾರೆ. ಮೈಸೂರಿನ ನನ್ನ ಅಕ್ಕನಿಗೆ 150. ನನಗೆ ಕಡಿಮೆ ಆಯ್ತಾ?

ಉತ್ತರ: ಇಲ್ಲ. ಅವಳಿ ಅಂದರೆ ಅದೊಂದೇ ಕಾರಣಕ್ಕೆ ಮಾತ್ರೆ ಬೇಕು, ಅದು ಸರಿ. ಅಮೆರಿಕದ ಹೆರಿಗೆ ವೈದ್ಯರ ಸಂಘ 81 ಹೇಳುತ್ತದೆ, ಬ್ರಿಟನ್ನಿನಲ್ಲಿ 75ರಿಂದ 150. ನಮ್ಮಲ್ಲಿ ಸ್ಟ್ರಿಪ್ ಸಿಗುವುದೇ 75 ಮತ್ತು 150. 81 ಅನ್ನುವ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಅಂದರೆ ಹಳೆಯ ಕಾಲದ ಐದು ಗ್ರೇನ್ ಮಾತ್ರೆ 325 ಮಿಲಿಗ್ರಾಂ, ಅದರ ಕಾಲು ಭಾಗ, ಅಷ್ಟೇ. ಅಲ್ಲಿಯೂ ಕೆಲವು ಡಾಕ್ಟರುಗಳು ಎರಡು 81 ಕೊಡುತ್ತಾರೆ. ಯಾವ ಡೋಸ್ ಮೇಲು ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಅಕ್ಕನ ಚೀಟಿ ನೋಡಿ ನೀವೇ ಏರಿಸಬೇಡಿ.

ಪ್ರಶ್ನೆ: ಐದು ತಿಂಗಳು, ಆಸ್ಪಿರಿನ್ 75 ತಗೊಳ್ತಿದ್ದೀನಿ. ನಮ್ಮ ಬೀದಿಯಲ್ಲಿ ಡೆಂಗಿ ಜಾಸ್ತಿ ಇದೆ, ನಿನ್ನೆಯಿಂದ ನನಗೂ ಜ್ವರ. ಮಾತ್ರೆ ಮುಂದುವರಿಸಲಾ? (ಓದುಗಿ, ಬೆಂಗಳೂರು)

ಉತ್ತರ: ಡೆಂಗಿ ಇದ್ದರೆ ಆಸ್ಪಿರಿನ್ ಬೇಡ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಮೊದಲೇ ಇಳಿಯುತ್ತದೆ, ರಕ್ತಸ್ರಾವದ ಭಯ ಇರುತ್ತದೆ. ಅನುಮಾನ ಬಂದ ದಿನವೇ ಡಾಕ್ಟರಿಗೆ ಫೋನ್ ಮಾಡಿ 'ನಾನು ಆಸ್ಪಿರಿನ್ ತಗೊಳ್ತಿದ್ದೀನಿ' ಅಂತ ಹೇಳಿ, ರಕ್ತ ಪರೀಕ್ಷೆ ಮಾಡಿಸಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಗುಣವಾದ ಮೇಲೆ ಮತ್ತೆ ಯಾವಾಗ ಶುರು ಅನ್ನುವುದನ್ನೂ ಅವರೇ ಹೇಳಬೇಕು. ಇದೇ ನೆಪದಲ್ಲಿ ಇನ್ನಷ್ಟು ಹೇಳಿಬಿಡುತ್ತೇನೆ. ತಲೆನೋವಿಗೆ ನೀರಲ್ಲಿ ಕರಗಿಸಿ ಕುಡಿಯುವ ಡಿಸ್ಪ್ರಿನ್ನೂ ಆಸ್ಪಿರಿನ್ನೇ, ಆದರೆ ಅದು ದೊಡ್ಡ ಡೋಸ್, 'ಎರಡೂ ಒಂದೇ' ಅಂತ ಅದನ್ನು ತಿನ್ನಬೇಡಿ. ಆಸ್ಪಿರಿನ್ ಅಲರ್ಜಿ, ಅದರಿಂದ ಕೆರಳುವ ಆಸ್ತಮಾ, ಹೊಟ್ಟೆಹುಣ್ಣು, ರಕ್ತ ಬೇಗ ನಿಲ್ಲದ ಕಾಯಿಲೆ ಇರುವವರು ಮೊದಲೇ ಹೇಳಬೇಕು. ಏನೂ ಅಪಾಯ ಇಲ್ಲದ ಬಸುರಿ 'ಪಕ್ಕದ ಮನೆಯವಳಿಗೆ ಕೊಟ್ಟಿದ್ದಾರೆ, ನನಗೂ ಇರಲಿ' ಅಂತ ತಿನ್ನುವ ಮಾತ್ರೆಯೂ ಇದಲ್ಲ.

ಪ್ರಶ್ನೆ: ಹೆರಿಗೆ ಆಗಿ ನಾಲ್ಕು ದಿನ. ಬಸಿರಿನಲ್ಲಿ ಬಿಪಿ ಇತ್ತು, ಆಸ್ಪಿರಿನ್ ತಗೊಂಡಿದ್ದೆ. ಮಗು ಹುಟ್ಟಿತಲ್ಲ, ಇನ್ನು ಎಲ್ಲ ಮಾತ್ರೆ ನಿಲ್ಲಿಸಬಹುದಾ? (ಓದುಗಿ, ತುಮಕೂರು)

ಉತ್ತರ: ಆಸ್ಪಿರಿನ್ ಮುಗಿಯಿತು, ಅದರ ಕೆಲಸ ಮಾಸಿನ ಜೊತೆಗೆ ಹೋಯಿತು. ಬಿಪಿ ಮಾತ್ರೆ ಮಾತ್ರ ನಿಲ್ಲಿಸಬೇಡಿ. ಹೆರಿಗೆ ಆದ ಮೂರನೇ ದಿನದಿಂದ ಆರನೇ ದಿನದವರೆಗೆ ಬಿಪಿ ಮತ್ತೆ ಏರುವುದು ಮಾಮೂಲು. ಆ ಹೊತ್ತಿಗೆ ಆಸ್ಪತ್ರೆಯಿಂದ ಮನೆಗೆ ಬಂದಿರುತ್ತೀರಿ, ಬಾಣಂತನದ ಕೋಣೆಯ ಬಾಗಿಲು ಮುಚ್ಚಿರುತ್ತದೆ, ತಲೆನೋವು ಅಂದರೆ ಶೀತ ಅಂತ ಇನ್ನೊಂದು ಸ್ಕಾರ್ಫ್ ಕಟ್ಟುತ್ತಾರೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬಳು ಹುಡುಗಿಯನ್ನು ಆರನೇ ದಿನ ಫಿಟ್ಸ್ ಬಂದ ಮೇಲೆ ಕರೆತಂದರು. ಎರಡು ದಿನ ತಲೆನೋವು ಅಂದಿದ್ದಳು, ಮನೆಯವರು ಬಾಣಂತಿ ಸನ್ನಿ ಅಂತ ಯಾರನ್ನೋ ಕರೆಸಿ ದಾರ ಕಟ್ಟಿಸಿದ್ದರು. ಬದುಕಿದಳು. ಆದರೆ ಆ ದಾರ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆದ್ದರಿಂದ ನಾಳೆಯೇ ಒಮ್ಮೆ ಬಿಪಿ ನೋಡಿಸಿ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ತಾಯಿ ಕಾರ್ಡ್ ಮುಂದಿಟ್ಟು 'ನನಗೆ ಬಿಪಿ ಇತ್ತು' ಅಂತ ನೀವೇ ನೆನಪಿಸಿ. ಇಷ್ಟು ದಿನ ಕೊಡಬಾರದು ಅನ್ನುತ್ತಿದ್ದ ಎನಾಲಪ್ರಿಲ್ಲನ್ನು ಹಾಲು ಕುಡಿಸುವಾಗ ಡಾಕ್ಟರ್ ಕೊಟ್ಟರೆ ಗಾಬರಿ ಬೇಡ, ಆಗ ನಡೆಯುತ್ತದೆ. ನೋವಿಗೆ ಡೈಕ್ಲೋಫೆನಾಕ್ ಬರೆದಿದ್ದರೆ ಬಿಪಿ, ಕಿಡ್ನಿ ವಿಷಯ ಹೇಳಿ ಮತ್ತೊಮ್ಮೆ ಕೇಳಿ. ಮೂರು ತಿಂಗಳಾದ ಮೇಲೆ ಬಿಪಿ ಮತ್ತು ಮೂತ್ರದ ಪ್ರೋಟೀನ್ ಎರಡನ್ನೂ ಮತ್ತೆ ನೋಡಿಸಬೇಕು. ಆಗಲೂ ಪ್ರೋಟೀನ್ ಹೋಗುತ್ತಿದ್ದರೆ ಕಿಡ್ನಿ ಡಾಕ್ಟರನ್ನು ಕಾಣಬೇಕು, ಎಷ್ಟೋ ಜನರಿಗೆ ಮೊದಲಿಂದ ಇದ್ದ ಕಿಡ್ನಿ ಕಾಯಿಲೆ ಸಿಕ್ಕಿಬೀಳುವುದೇ ಹೀಗೆ. ನಾಮಕರಣದ ದಿನ ಕ್ಯಾಲೆಂಡರ್ ನೋಡುತ್ತೀರಲ್ಲ, ಆಗಲೇ ಮೂರು ತಿಂಗಳು ಮುಂದಿನ ಹಾಳೆ ತಿರುಗಿಸಿ ಆ ದಿನಕ್ಕೂ ಒಂದು ಸುತ್ತು ಹಾಕಿಡಿ.